ಕೊನೆಯ ಮಾತು ಚಿಲಕದ್ದು

ಮೌಲ್ಯಮಾಪನದ ಮೂರನೆಯ ದಿನದ ಹೊತ್ತಿಗೆ ಅವಳಿಗೆ ಹದಿನಾಲ್ಕನೆಯ ಪ್ರಶ್ನೆಯ ಮೇಲೆ ಜಿಗುಪ್ಸೆ ಬಂದುಬಿಟ್ಟಿತ್ತು. ‘ಕವಿತೆಯೊಳಗಿನ ವಾದದಿಂದ ಕವಿ ಹೇಗೆ ದೂರ ಉಳಿಯುತ್ತಾರೆ? ವಿವರಿಸಿ.’ ಐದು ಅಂಕದ ಪ್ರಶ್ನೆ. ನೂರಕ್ಕೂ ಹೆಚ್ಚು ಮಕ್ಕಳು ಒಂದೇ ಗೈಡಿನಿಂದ ಉರು ಹೊಡೆದದ್ದನ್ನು ಒಂದೇ ಉಸಿರಿನಲ್ಲಿ ಕಕ್ಕಿದ್ದರು: ಕವಿ ಯಾರ ಪಕ್ಷವನ್ನೂ ವಹಿಸುವುದಿಲ್ಲ, ಎರಡೂ ದನಿಗೆ ಸಮನಾದ ಸಾಲು ಕೊಡುತ್ತಾರೆ, ತೀರ್ಪನ್ನು ಓದುಗರಿಗೆ ಬಿಡುತ್ತಾರೆ. ಮಾದರಿ ಉತ್ತರದಲ್ಲಿ ಇದ್ದದ್ದೂ ಅದೇ ಮೂರು ಮಾತು. ಐದಕ್ಕೆ ಐದು ಹಾಕಿ ಹಾಳೆ ತಿರುಗಿಸುವುದು, ಅಷ್ಟೇ ಕೆಲಸ.

ಬಾಗಿಲಿಗೂ ಚಿಲಕಕ್ಕೂ ನಡೆಯುವ ವಾದದ ಆ ಕವಿತೆ ಅವಳದೇ. ಬೇರೆ ಹೆಸರಿನಲ್ಲಿ ಬರೆಯುತ್ತಿದ್ದಳಾದ್ದರಿಂದ ಮಕ್ಕಳಿಗೆ ಗೊತ್ತಿರಲಿಲ್ಲ. ಆದರೆ ಆ ಹಾಲ್‌ನಲ್ಲಿ ಕೆಂಪು ಪೆನ್ನು ಹಿಡಿದು ಕೂತ ಅರವತ್ತು ಜನ ಮೇಷ್ಟ್ರು ಮೇಡಮ್ಮಂದಿರಿಗೆಲ್ಲ ಗೊತ್ತಿತ್ತು.

“ನಿಮ್ಮ ಪುಣ್ಯ ನೋಡಿ,” ಪಕ್ಕದ ಕುರ್ಚಿಯ ಮೇಡಂ ಅಂದರು. ಅವರ ಕೊರಳಲ್ಲಿ ಒಂದು ಕನ್ನಡಕ, ಮೂಗಿನ ಮೇಲೆ ಇನ್ನೊಂದು. “ಬರೆದದ್ದು ನೀವೇ, ಅದನ್ನು ಓದಿ ಮಕ್ಕಳು ಬರೆದದ್ದಕ್ಕೆ ಮಾರ್ಕ್ಸ್ ಹಾಕೋರೂ ನೀವೇ. ಅಡುಗೆ ಮಾಡಿದವರೇ ಕೂತು ಬಡಿಸಿಕೊಂಡ ಹಾಗೆ.”

“ನನಗೇ ಅಜೀರ್ಣ ಆಗಿದೆ ಮೇಡಂ,” ಅಂದಳು ಅವಳು.

ಅದು ಯಾವುದೋ ಶಾಲೆಯ ಕಸರತ್ತಿನ ಹಾಲ್. ಗೋಡೆಗೆ ಮಡಚಿಟ್ಟ ಏಣಿಗಳು, ಮೂಲೆಯಲ್ಲಿ ಹತ್ತಿ ಕಿತ್ತುಬಂದ ಹಾಸುಗಳ ರಾಶಿ. ಉದ್ದ ಮೇಜುಗಳ ಮೇಲೆ ದಾರದಲ್ಲಿ ಕಟ್ಟಿದ ಉತ್ತರಪತ್ರಿಕೆಗಳ ಕಟ್ಟು. ನೋಂದಣಿ ಸಂಖ್ಯೆಯ ಮೇಲೆ ಕಪ್ಪು ಚೀಟಿ. ಸಂಜೆ ಐದಕ್ಕೆ ಕಟ್ಟನ್ನು ಮತ್ತೆ ಕಟ್ಟಿ ಸಹಿ ಮಾಡಿ ಒಪ್ಪಿಸಬೇಕು. ಗಂಟಿನ ಮೇಲೆ ಅರಗು ಬಿತ್ತೆಂದರೆ ಮುಗಿಯಿತು, ಯಾರೂ ಬಿಚ್ಚುವಂತಿಲ್ಲ.

ನಾಲ್ಕು ಗಂಟೆಯ ಚಹಾ ಕುಡಿದು ಕೂತ ಮೇಲೆ ಆ ಉತ್ತರ ಸಿಕ್ಕಿತು. ಅಕ್ಷರ ಒತ್ತೊತ್ತಾಗಿ, ಬಲಕ್ಕೆ ವಾಲಿಕೊಂಡಿತ್ತು. ಹುಡುಗನೋ ಹುಡುಗಿಯೋ, ಯಾವ ಊರೋ.

‘ಕವಿ ದೂರ ಉಳಿದಿಲ್ಲ. ಎರಡೂ ಕಡೆಗೆ ಹದಿನಾರು ಹದಿನಾರು ಸಾಲು ಕೊಟ್ಟಿದ್ದಾರೆ, ಸರಿ. ಆದರೆ ಕೊನೆಯ ಮಾತು ಯಾರದು ಎಂದು ನೋಡಬೇಕು. ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಜಗಳವಾಡಿದರೆ ಕೊನೆಗೆ ಯಾರು ಮಾತಾಡುತ್ತಾರೋ ಮರುದಿನ ಅವರು ಹೇಳಿದ್ದೇ ಆಗುತ್ತದೆ. ಇಲ್ಲಿ ಕೊನೆಗೆ ಮಾತಾಡಿದ್ದು ಚಿಲಕ. ಆದ್ದರಿಂದ ಕವಿ ಚಿಲಕದ ಕಡೆ ಇದ್ದಾರೆ. ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಧೈರ್ಯವಿಲ್ಲ, ಅದಕ್ಕೇ ಬಾಗಿಲಿಗೂ ಚಿಲಕಕ್ಕೂ ಜಗಳ ಹಚ್ಚಿ ತಾವು ಪಕ್ಕಕ್ಕೆ ನಿಂತಿದ್ದಾರೆ.’

ಅವಳು ಪೆನ್ನು ಕೆಳಗಿಟ್ಟಳು. ಮೊದಲು ಸಿಟ್ಟು ಬಂತು. ಆಮೇಲೆ ಅದೇ ಉತ್ತರವನ್ನು ಇನ್ನೊಮ್ಮೆ ಓದಿದಳು. ಹನ್ನೊಂದು ವರ್ಷದ ಹಿಂದೆ ಟೆಲಿಫೋನಿನಲ್ಲಿ ಕೇಳಿದ ಒಂದು ಮಾತು, ಇಷ್ಟು ದಿನ ಎಲ್ಲಿತ್ತೋ, ಎದ್ದು ಬಂದು ಎದುರಿಗೆ ಕೂತಿತು.

“ಓದಿದೆ ಅಕ್ಕ. ಅರ್ಥ ಆಯ್ತು.”

ಹೇಳಿದ್ದು ಅವಳ ತಂಗಿ. ಅದನ್ನು ಅವಳು ಹೊಗಳಿಕೆ ಎಂದುಕೊಂಡಿದ್ದಳು. “ಥ್ಯಾಂಕ್ಸ್ ಕಣೇ,” ಎಂದಿದ್ದಳು.

*

ಅವಳಿಗೆ ಚಿಕ್ಕಂದಿನಲ್ಲಿ ಅಪ್ಪ ಇಟ್ಟ ಅಡ್ಡಹೆಸರು ತಕ್ಕಡಿ. ಅಪ್ಪ ಅಮ್ಮನಿಗೆ ಊಟಕ್ಕೆ ಕೂತಾಗಲೇ ಮಾತಿಗೆ ಮಾತು ಬೆಳೆಯುತ್ತಿತ್ತು. ಬೆಳೆದು ಬೆಳೆದು, ಕೊನೆಗೆ ಇಬ್ಬರೂ ದೊಡ್ಡ ಮಗಳ ಕಡೆ ತಿರುಗುತ್ತಿದ್ದರು. “ನೀನೇ ಹೇಳು, ಯಾರದು ಸರಿ?” ಅಪ್ಪನದು ಎಂದರೆ ಅಮ್ಮ ಎರಡು ದಿನ ತಲೆ ಬಾಚಿಕೊಳ್ಳುತ್ತಿರಲಿಲ್ಲ, ಅಮ್ಮನದು ಎಂದರೆ ಅಪ್ಪ ಅವಳ ಮುಖ ನೋಡದೆ ಕೆಲಸಕ್ಕೆ ಹೋಗುತ್ತಿದ್ದರು. ಏಳು ವರ್ಷಕ್ಕೇ ಅವಳು ಬುದ್ಧಿ ಕಲಿತಳು. “ಇಬ್ಬರದೂ ಸರಿ,” ಅನ್ನುತ್ತಿದ್ದಳು. ಅಪ್ಪ ನಗುತ್ತಿದ್ದರು. “ನೋಡಿದ್ಯಾ ಇವಳನ್ನ, ತಕ್ಕಡಿ. ಒಂದು ಕಾಳು ಆಕಡೆ ಈಕಡೆ ಆಗಬಾರದು.” ಮನೆಯಲ್ಲಿ ನಗು ಕೇಳಿಸಿದರೆ ಆವತ್ತಿನ ಮಟ್ಟಿಗೆ ಬದುಕಿದಂತೆ. ತಂಗಿ ಮಾತ್ರ ಬೇರೆ ಥರ. ಅವಳು ಯಾವುದೋ ಒಂದು ಕಡೆ ಹಾರಿ ನಿಂತು ಬೈಸಿಕೊಳ್ಳುತ್ತಿದ್ದಳು, ಮರುದಿನ ಮರೆಯುತ್ತಿದ್ದಳು.

ಆ ತಕ್ಕಡಿಯೇ ಮುಂದೆ ಅವಳ ಕವಿತೆಯಾಯಿತು. ಅವಳು ಬರೆದದ್ದೆಲ್ಲ ವಾದಗಳೇ. ಸೂಜಿಗೂ ಕತ್ತರಿಗೂ, ಮೆಟ್ಟಿಲಿಗೂ ನೆಲಕ್ಕೂ. ಹಾಳೆಯ ನಡುವೆ ಒಂದು ಗೆರೆ ಎಳೆದು, ಎಡಕ್ಕೊಬ್ಬರನ್ನು ಬಲಕ್ಕೊಬ್ಬರನ್ನು ಕೂರಿಸಿ, ಇಬ್ಬರಿಗೂ ಲೆಕ್ಕ ತಪ್ಪದೆ ಅಷ್ಟಷ್ಟೇ ಸಾಲು ಹಂಚುತ್ತಿದ್ದಳು. ಒಂದು ಕಡೆಯ ಸಾಲು ಹೆಚ್ಚು ಚೆನ್ನಾಗಿ ಬಂದುಬಿಟ್ಟರೆ ಅದನ್ನು ಬೇಕೆಂದೇ ಸ್ವಲ್ಪ ಮಂಕು ಮಾಡುತ್ತಿದ್ದಳು. ಆದರೂ ಯಾರೋ ಒಬ್ಬರು ಕೊನೆಯಲ್ಲಿ ಮಾತಾಡಲೇಬೇಕಲ್ಲ. ಅದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ಅಪ್ಪನ ಹಳೆಯ ಕೋಟಿನ ಒಂದು ಗುಂಡಿ ಅವಳ ಪೆನ್ನಿನ ಡಬ್ಬಿಯಲ್ಲಿತ್ತು. ಒಂದು ಬದಿ ನಯವಾದ ಕಂದು, ಇನ್ನೊಂದು ಬದಿ ಒರಟು ಬೂದು. ಅದನ್ನು ಮೇಜಿನ ಮೇಲೆ ಚಿಮ್ಮುತ್ತಿದ್ದಳು. ಕಂದು ಬಿದ್ದರೆ ಎಡದವರು, ಬೂದು ಬಿದ್ದರೆ ಬಲದವರು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ‘ಕವಿಯ ನಿರ್ಲಿಪ್ತತೆ’ ಎಂದು ವಿಮರ್ಶಕರು ಬರೆದಾಗ ಗುಂಡಿ ನೆನಪಾಗಿ ಒಳಗೊಳಗೇ ನಗು ಬರುತ್ತಿತ್ತು.

ತಂಗಿಗೆ ಮಕ್ಕಳಾಗಿರಲಿಲ್ಲ. ಹದಿನಾರು ದಿನದ ಹೆಣ್ಣು ಕೂಸನ್ನು ಆಸ್ಪತ್ರೆಯಿಂದ ಕಾಗದಪತ್ರ ಮಾಡಿಸಿ ತಂದು ಸಾಕಿದ್ದಳು. ಕೂಗಿದರೆ ಚಿವ್ ಎಂದ ಹಾಗೆ ಕೇಳಿಸುತ್ತಿತ್ತೆಂದು ಗುಬ್ಬಿ ಎಂದೇ ಕರೆದರು. ಗುಬ್ಬಿಗೆ ಎಂಟು ವರ್ಷವಾದಾಗ ಒಂದು ಭಾನುವಾರ ತಂಗಿ ಅವಳನ್ನು ಕರೆದುಕೊಂಡು ಅಕ್ಕನ ಕೋಣೆಗೆ ಬಂದಳು. ಜ್ವರ ಬಿಟ್ಟ ಮಗು ಮಂಚದ ಮೇಲೆ ಬೆವರಿ ಮಲಗಿತ್ತು. ತಂಗಿ ದನಿ ತಗ್ಗಿಸಿ ಕೇಳಿದಳು.

“ಹೆತ್ತದ್ದು ನಾನಲ್ಲ ಅಂತ ಇವಳಿಗೆ ಹೇಳಿಬಿಡಲಾ, ಬೇಡವಾ? ನಮ್ಮನೆಯವರನ್ನ ಕೇಳಿದ್ರೆ ‘ನಿನಗೆ ಬಿಟ್ಟದ್ದು’ ಅಂತಾರೆ, ಬಸ್ಸಿಗೆ ಡ್ರೈವರು, ಮನೇಲಿ ಪ್ಯಾಸೆಂಜರು. ನೀನು ಓದಿದವಳು. ನಿನಗೇನನ್ಸತ್ತೆ ಹೇಳು, ಹಾಗೇ ಮಾಡ್ತೀನಿ.”

ಅವಳಿಗೆ ಅನ್ನಿಸಿದ್ದು ಆ ಕ್ಷಣವೇ ಅನ್ನಿಸಿತ್ತು. ಲೋಟದ ಚಹಾ ಆರುವ ಮೊದಲೇ. ಆದರೆ ತಂಗಿಯ ಮುಖದಲ್ಲಿ ಬೇರೆ ಉತ್ತರದ ಆಸೆ ಕಾಣುತ್ತಿತ್ತು. “ಎರಡೂ ಕಡೆ ಇದೆ ಕಣೇ,” ಎಂದಳು. “ಯೋಚನೆ ಮಾಡಿ ಹೇಳ್ತೀನಿ.”

ಯೋಚನೆ ಮಾಡಿದಳು, ಹೇಳಲಿಲ್ಲ, ಬರೆದಳು. ಬಾಗಿಲು ಅನ್ನುತ್ತದೆ:

‘ಒಳಗೆ ಮಲಗಿದವಳಿಗೂ ಒಂದು ಬೀದಿಯಿದೆ,
ನನ್ನಾಚೆಯಿಂದಲೇ ಅದು ಶುರು.’

ಚಿಲಕ ಅನ್ನುತ್ತದೆ:

‘ತೆರೆದದ್ದನ್ನು ಮುಚ್ಚಬಹುದು ಅನ್ನುತ್ತೀಯಲ್ಲ,
ಒಳಗಿದ್ದ ಬೆಚ್ಚನೆ ಮರಳಿ ಬಂದೀತೇ?’

ಗುಂಡಿ ಚಿಮ್ಮಿದಳು. ಬೂದು ಬಿತ್ತು. ಚಿಲಕದ ಸಾಲು ಕೊನೆಗೆ ಹೋಯಿತು. ವಾರಪತ್ರಿಕೆಯಲ್ಲಿ ಅಚ್ಚಾಯಿತು. ತಂಗಿ ಫೋನು ಮಾಡಿದಳು. ಓದಿದೆ, ಅರ್ಥ ಆಯ್ತು.

ಆಮೇಲೆ ತಂಗಿ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಮರೆತಿರಬೇಕು ಎಂದು ಅಕ್ಕ ನಿರಾಳವಾದಳು.

ಮರೆಯದೆ ಉಳಿದದ್ದು ರಕ್ತ. ಕಳೆದ ವರ್ಷ ಗುಬ್ಬಿಯ ಕಾಲೇಜಿನಲ್ಲಿ ರಕ್ತದಾನ ಮಾಡಿಸಿದರು, ಗುಂಪು ಬರೆದ ಕಾರ್ಡು ಕೊಟ್ಟರು. ವಿಜ್ಞಾನ ಓದುವ ಹುಡುಗಿ. ಅಪ್ಪನ ಕೆಲಸದ ಗುರುತುಚೀಟಿಯಲ್ಲಿ, ಅಮ್ಮನ ಹಳೆಯ ಆಪರೇಷನ್ನಿನ ಕಡತದಲ್ಲಿ ಇದ್ದ ಗುಂಪು ನೋಡಿದಳು. ಆ ಇಬ್ಬರಿಗೆ ತಾನು ಹುಟ್ಟುವುದು ಸಾಧ್ಯವೇ ಇಲ್ಲ ಎಂದು ಊಟದ ಮೇಜಿನ ಮೇಲೆ ಕಾರ್ಡಿಟ್ಟು ಹೇಳಿದಳು. ಮರುವಾರ ಹಾಸ್ಟೆಲಿಗೆ ಹೋದವಳು ಮನೆಗೆ ಬರಲಿಲ್ಲ, ಅಮ್ಮನ ಫೋನು ಎತ್ತಲಿಲ್ಲ.

ಈ ಒಂದು ವರ್ಷ ಅಕ್ಕ ಇಬ್ಬರ ನಡುವೆ ನಿಂತು ಹಳೆಯ ಪಾಠವನ್ನೇ ಒಪ್ಪಿಸಿದ್ದಳು. ತಂಗಿಗೆ, “ಅವಳ ಕಡೆಯಿಂದಲೂ ನೋಡು.” ಗುಬ್ಬಿಗೆ, “ನಿಮ್ಮಮ್ಮನ ಕಡೆಯಿಂದಲೂ ನೋಡು.”

*

ಅವಳು ಆ ಉತ್ತರಪತ್ರಿಕೆ ಹಿಡಿದು ಮುಖ್ಯ ಪರೀಕ್ಷಕರ ಮೇಜಿಗೆ ಹೋದಳು. ಅವರು ಓದಿ ಹಣೆ ಕೆರೆದುಕೊಂಡರು.

“ಮಾದರಿ ಉತ್ತರಕ್ಕೆ ಪೂರ್ತಿ ಉಲ್ಟಾ ಇದೆಯಲ್ಲ ಮೇಡಂ. ನೀವೇ ಬರೆದವರು, ನೀವೇ ಹೇಳಿಬಿಡಿ. ಈ ಮಗು ಹೇಳಿದ್ದು ಸರಿನಾ?”

ಅವಳ ಬಾಯಿ ತೆರೆಯಿತು. “ಅದರಲ್ಲೂ ಏನೋ ಇದೆ ಸರ್. ಮಾದರಿ ಉತ್ತರವೂ ತಪ್ಪು ಅಂತಲ್ಲ.”

“ಹಾಗಾದ್ರೆ ನಿಯಮದ ಪ್ರಕಾರ ಹೋಗಿ. ಸಮನಾದ ಸಾಲು ಅಂತ ಬರೆದಿದೆಯಲ್ಲ, ಅದಕ್ಕೊಂದು.”

ಅವಳು ಒಂದು ಹಾಕಿದಳು. ಐದು ಗಂಟೆಗೆ ಕಟ್ಟಿಗೆ ದಾರ ಬಿಗಿದು ಸಹಿ ಮಾಡಿದಳು. ಅರಗು ತೊಟ್ಟಿಕ್ಕಿ ಗಟ್ಟಿಯಾಗುವವರೆಗೂ ಅಲ್ಲೇ ನಿಂತು ನೋಡಿದಳು. ಬಾಗಿಲು ದಾಟಿದ ಮೇಲೆ ತಿರುಗಿ ಬಂದು, “ಸರ್, ಆ ಕಟ್ಟು ಒಂದ್ಸಲ ಬಿಚ್ಚೋಕಾಗತ್ತಾ?” ಅಂದಳು.

ಮುಖ್ಯ ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿದರು. “ಹತ್ತು ನಿಮಿಷ ಮುಂಚೆ ಕೇಳಬೇಕಿತ್ತು ಮೇಡಂ.”

*

ತಂಗಿಯದು ಇಸ್ತ್ರಿ ಅಂಗಡಿ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದೆ ಮನೆ. ತಂತಿಗೆ ತೂಗುಹಾಕಿದ ಅಂಗಿಗಳ ಕೊರಳಿಗೆ ನಂಬರಿನ ಚೀಟಿ ಪಿನ್ನು ಮಾಡಿರುತ್ತಿತ್ತು. ಒದ್ದೆ ಬಟ್ಟೆ ಕಾದ ವಾಸನೆ. ಕಿಟಕಿಯ ಕಟ್ಟೆಯ ಮೇಲೆ, ಗಿರಾಕಿಗಳ ಬಟ್ಟೆಯಿಂದ ಉದುರಿದ ಗುಂಡಿಗಳ ಡಬ್ಬಿ.

“ಏನು ತಕ್ಕಡಿ, ಈ ಕಡೆ ವಾಲಿದ್ದು?” ತಂಗಿ ಒಂದು ಪ್ಯಾಂಟಿನ ಮಡಿಕೆ ಒತ್ತುತ್ತ ಅಂದಳು. ಈ ವರ್ಷ ಅವಳು ಸೊರಗಿದ್ದಳು. ಮಾತಿನ ಹರಿತ ಮಾತ್ರ ಹಾಗೇ ಇತ್ತು.

“ಒಂದು ಮಾತು ಕೇಳಬೇಕಿತ್ತು. ಆವತ್ತು ನನ್ನ ಕವಿತೆ ಓದಿ ಅರ್ಥ ಆಯ್ತು ಅಂದ್ಯಲ್ಲ. ಏನು ಅರ್ಥ ಆಯ್ತು?”

ತಂಗಿ ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದಳು. ಒಳಗೆ ಹೋಗಿ ಗುಬ್ಬಿಯ ಶಾಲೆಯ ಹಳೆಯ ಕಡತ ತಂದಳು. ಅದರೊಳಗೆ ಮಡಿಕೆಯಲ್ಲಿ ಹರಿಯಲು ಬಂದ ವಾರಪತ್ರಿಕೆಯ ಹಾಳೆ. ಕೊನೆಯ ಎರಡು ಸಾಲಿನ ಕೆಳಗೆ ಪೆನ್ಸಿಲಿನ ಗೆರೆ.

“ಕೇಳಿದ್ದಕ್ಕೆ ನೀನು ಬಾಯಲ್ಲಿ ಹೇಳಲಿಲ್ಲ, ಹೀಗೆ ಹೇಳಿದೆ. ನಿನ್ನ ಸ್ವಭಾವ ನನಗೆ ಗೊತ್ತಿಲ್ವಾ? ಕೊನೆಗೆ ಚಿಲಕನೇ ತಾನೇ ಮಾತಾಡಿದ್ದು. ಬೇಡ ಅಂತಿದಾಳೆ ಅಕ್ಕ ಅಂದ್ಕೊಂಡೆ. ಹೇಳೋಣ ಅನ್ಸಿದಾಗೆಲ್ಲ ತೆಗೆದು ಓದ್ಕೋತಿದ್ದೆ.”

“ನಾನು ಹಾಗೆ ಹೇಳಿರಲಿಲ್ಲ.”

“ಮತ್ತೆ?”

ಅವಳು ಚೀಲದಿಂದ ಪೆನ್ನಿನ ಡಬ್ಬಿ ತೆಗೆದು ಗುಂಡಿಯನ್ನು ಇಸ್ತ್ರಿ ಮೇಜಿನ ಮೇಲಿಟ್ಟಳು. ಇಟ್ಟು, ಎಲ್ಲ ಹೇಳಿದಳು. ಕಂದು, ಬೂದು, ಎಡ, ಬಲ. ತಂಗಿ ಗುಂಡಿಯನ್ನು ಬೆರಳಲ್ಲಿ ಹಿಡಿದು ತಿರುಗಿಸಿದಳು. ಗುಂಡಿಗಳ ನಡುವೆಯೇ ದಿನ ಕಳೆಯುವವಳು, ಆದರೂ ಮೊದಲ ಸಲ ನೋಡಿದಂತೆ ನೋಡಿದಳು.

“ಅಪ್ಪನ ಕೋಟಿಂದು. ಕಳೆದುಹೋಯ್ತು ಅಂತ ಅಮ್ಮ ಮನೆಯೆಲ್ಲ ಗುಡಿಸಿದ್ದಳು.” ಕಂದು ಬದಿ ಮೇಲೆ ಮಾಡಿ ಕೇಳಿದಳು. “ಇದು ಈ ಬದಿಗೆ ಬಿದ್ದಿದ್ರೆ ಬಾಗಿಲು ಮಾತಾಡ್ತಿತ್ತು?”

“ಹೂಂ.”

“ನಾನು ಅವಳಿಗೆ ಹೇಳ್ತಿದ್ದೆ.”

ಅಕ್ಕ ಗುಂಡಿಗೆ ಕೈ ಚಾಚಿದಳು, ತಂಗಿ ಕೊಡಲಿಲ್ಲ.

“ಗುಂಡಿ ವಿಷಯ ಬಿಡು. ನಿನಗೆ ಏನನ್ನಿಸಿತ್ತು ಆವತ್ತು? ಅದನ್ನ ಹೇಳು.”

“ಹೇಳಬೇಕು ಅನ್ನಿಸಿತ್ತು. ಮಗುವಾಗಿದ್ದಾಗಲೇ ಹೇಳಿಬಿಟ್ರೆ ಕತೆ ಹಾಗೆ ಕೇಳ್ಕೊಂಡು ಬೆಳೀತಾಳೆ ಅನ್ನಿಸಿತ್ತು.”

“ಮತ್ತೆ ಯಾಕೆ ನುಂಗಿಕೊಂಡೆ?”

“ನಿನಗೆ ಬೇಜಾರಾಗತ್ತೆ ಅಂತ.”

ತಂಗಿ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಹಾಳೆಯನ್ನು ಹಳೆಯ ಮಡಿಕೆಯಲ್ಲೇ ಮಡಚಿ ಅಕ್ಕನ ಕಡೆ ಸರಿಸಿದಳು. ಗುಂಡಿಯನ್ನು ಅದರ ಮೇಲಿಟ್ಟಳು.

“ಇದನ್ನ ನನಗೆ ಹೇಳಿ ಏನು ಬಂತು? ಅವಳಿಗೆ ಹೇಳು. ಹೇಳಿ ಅವಳನ್ನ ಮನೆಗೆ ಕರ್ಕೊಂಡು ಬಾ. ಇದೊಂದು ಮಾಡು ನನಗೋಸ್ಕರ.”

*

ಭಾನುವಾರ ಮಧ್ಯಾಹ್ನ ಮೂರರಿಂದ ಐದು ಹಾಸ್ಟೆಲಿನಲ್ಲಿ ಭೇಟಿಯ ಹೊತ್ತು. ಗೇಟಿನ ಹೆಂಗಸು ರಿಜಿಸ್ಟರು ಮುಂದೆ ದೂಡಿ, ಅವಳು ಸಂಬಂಧ ಎಂಬ ಕಡೆ ದೊಡ್ಡಮ್ಮ ಎಂದು ಬರೆದದ್ದನ್ನು ನೋಡಿ, “ಸ್ವಂತ ದೊಡ್ಡಮ್ಮನಾ?” ಎಂದು ಕೇಳಿದಳು.

“ಸ್ವಂತ,” ಅಂದಳು ಅವಳು.

ಗುಬ್ಬಿ ಕೂದಲು ಗಿಡ್ಡ ಕತ್ತರಿಸಿಕೊಂಡಿದ್ದಳು. ಭೇಟಿಯ ಕೋಣೆಯಲ್ಲಿ ಪ್ಲಾಸ್ಟಿಕ್ಕಿನ ಕುರ್ಚಿ ಎಳೆದು, “ಬನ್ನಿ, ಕೂತ್ಕೊಳ್ಳಿ,” ಎಂದಳು. ಮೊದಲೆಲ್ಲ ‘ಬಾ ದೊಡ್ಡಮ್ಮ’ ಎಂದು ಸೆರಗು ಎಳೆಯುತ್ತಿದ್ದ ಹುಡುಗಿ.

“ಅಮ್ಮ ಕಳಿಸಿದ್ರಾ?”

“ಅವಳೂ ಕಳಿಸಿದಳು. ನಾನೂ ಬರಬೇಕಿತ್ತು.”

“ನೋಡಿ, ಶುರುವಿನಲ್ಲೇ ಎರಡೂ,” ಅಂದಳು ಗುಬ್ಬಿ. ನಗಲಿಲ್ಲ.

ಅವಳು ಹೇಳಿದಳು. ಹೇಳುವ ಕ್ರಮವನ್ನು ಬಸ್ಸಿನಲ್ಲಿ ಕೂತು ಹತ್ತು ಸಲ ಜೋಡಿಸಿಕೊಂಡಿದ್ದಳು. ಬಾಯಿಗೆ ಬಂದಾಗ ಅದೆಲ್ಲ ಚೆಲ್ಲಾಪಿಲ್ಲಿಯಾಯಿತು. ಗುಂಡಿಯ ಮಾತು ಮೊದಲು ಬಂತು, ತಂಗಿಯ ಪ್ರಶ್ನೆ ಆಮೇಲೆ, ಹದಿನಾಲ್ಕನೆಯ ಪ್ರಶ್ನೆಯೂ ಆ ಮಗುವಿನ ಉತ್ತರವೂ ನಡುವೆ ಎಲ್ಲೋ. ಗುಬ್ಬಿ ಕುರ್ಚಿಯ ಕೈಯನ್ನು ಉಗುರಿನಿಂದ ಕೆರೆಯುತ್ತ ಕೇಳಿದಳು.

“ಆವತ್ತು ನಾನೆಲ್ಲಿದ್ದೆ?”

“ನನ್ನ ಮಂಚದ ಮೇಲೆ. ಮಲಗಿದ್ದೆ.”

“ಅಂದ್ರೆ ಆ ಸಾಲಿನಲ್ಲಿ ಒಳಗೆ ಮಲಗಿರೋಳು ನಾನು.”

“ಹೂಂ.”

“ಅದು ನಮಗೂ ಪಾಠ ಇತ್ತು ದೊಡ್ಡಮ್ಮ. ನಮ್ಮ ದೊಡ್ಡಮ್ಮನೇ ಬರೆದದ್ದು ಅಂತ ಕ್ಲಾಸಲ್ಲಿ ಎಲ್ಲರಿಗೂ ಹೇಳ್ಕೊಂಡು ತಿರುಗಿದ್ದೆ. ನಿಮ್ಮ ಹದಿನಾಲ್ಕನೇ ಪ್ರಶ್ನೆ ನಮ್ಮ ವರ್ಷವೂ ಬಂದಿತ್ತು. ಕವಿ ಯಾರ ಪಕ್ಷವನ್ನೂ ವಹಿಸುವುದಿಲ್ಲ.” ಅವಳು ಕಿಟಕಿಯ ಕಡೆ ನೋಡಿದಳು. “ಐದಕ್ಕೆ ಐದು ಬಂದಿತ್ತು ನನಗೆ.”

ಹೊರಗೆ ಯಾರೋ ಬಕೆಟ್ಟು ತಿರುವಿ ಹಾಕಿದರು. ನೀರು ಗಟಾರಕ್ಕೆ ಹರಿಯಿತು.

“ಈಗ ಹೇಳಿ,” ಗುಬ್ಬಿ ಅಂದಳು. “ಅಮ್ಮ ಮುಚ್ಚಿಟ್ಟದ್ದು ಸರಿನಾ? ನಾನು ಮನೆ ಬಿಟ್ಟು ಬಂದದ್ದು ಸರಿನಾ?”

“ಅವಳು ಹೇಳದೇ ಇದ್ದದ್ದು ತಪ್ಪು. ಅದು ನನ್ನಿಂದ ಆದ ತಪ್ಪು. ನೀನೂ ಒಂದು ವರ್ಷ ಮಾತು ಬಿಟ್ಟದ್ದು…”

“ಮತ್ತೆ ತಕ್ಕಡಿ,” ಅಂದಳು ಗುಬ್ಬಿ, ತೀರ ಮೆಲ್ಲಗೆ. “ಆ ಕಡೆಗೊಂದು ಈ ಕಡೆಗೊಂದು. ನಿಮಗೆ ಗೊತ್ತೇ ಆಗಲ್ಲ, ಅಲ್ವಾ?”

ಗೊತ್ತಾಯಿತು. ಅಮ್ಮನ ಬಾಚದ ತಲೆ, ಅಪ್ಪನ ತಿರುಗಿದ ಮುಖ, ಇಸ್ತ್ರಿ ಮೇಜಿನಾಚೆ ನಿಂತ ತಂಗಿ. ಒಂದು ಕಡೆ ಕಾಲಿಟ್ಟರೆ ಇನ್ನೊಂದು ಕಡೆಯ ನೆಲ ಹೋಗುತ್ತದೆ ಎಂಬ ಆ ಹಳೆಯ ಹೆದರಿಕೆ ಮತ್ತೆ ಬಂತು.

“ನೀನು ಬಂದದ್ದು ಸರಿ,” ಎಂದಳು. “ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಬಂದುಬಿಡ್ತಿದ್ದೆ. ಮನೆಗೆ ಬಾ ಅಂತ ನಾನು ಕರೆಯಲ್ಲ. ನಿನಗೆ ಬರಬೇಕು ಅನ್ಸಿದ ದಿನ ಬಾ.”

ಗುಬ್ಬಿ ಕುರ್ಚಿಯ ಕೈ ಕೆರೆಯುವುದನ್ನು ನಿಲ್ಲಿಸಿದಳು. ಆಮೇಲೆ ಕೈ ಚಾಚಿದಳು. “ಆ ಗುಂಡಿ ತಂದಿದ್ದೀರಾ?”

ಅವಳು ಕೊಟ್ಟಳು.

“ಯಾರ ಕೋಟಿಂದು ಅಂದ್ರಿ?”

“ನಿಮ್ಮ ತಾತಂದು.”

ನಿಮ್ಮ ತಾತ ಎಂಬ ಮಾತಿಗೆ ಹುಡುಗಿಯ ರೆಪ್ಪೆ ಒಮ್ಮೆ ಅಲುಗಿತು. ಅವಳು ಗುಂಡಿಯನ್ನು ಚಿಮ್ಮಲಿಲ್ಲ. ಮುಷ್ಟಿ ಮುಚ್ಚಿ ಜೇಬಿಗೆ ಹಾಕಿಕೊಂಡಳು. “ಇದು ನನ್ನ ಹತ್ರ ಇರಲಿ. ನಿಮ್ಮ ಹತ್ರ ಬೇಡ,” ಎಂದು ಎದ್ದಳು. ಮೆಟ್ಟಿಲ ಬಳಿ ತಿರುಗಿ, “ಬಸ್ಸು ಐದೂ ಹತ್ತಕ್ಕಿದೆ,” ಎಂದಷ್ಟೇ ಹೇಳಿ ಮೇಲೆ ಹೋದಳು.

*

ಅಂಗಡಿಯ ಮುಂದೆ ಅವಳು ಇಳಿದಾಗ ಇನ್ನೂ ಬೆಳಕಿತ್ತು. ತಂಗಿ ಹೊಸ್ತಿಲಲ್ಲೇ ನಿಂತಿದ್ದಳು. ಅಕ್ಕನ ಮುಖ ನೋಡುವ ಮೊದಲು ಅವಳ ಬೆನ್ನ ಹಿಂದೆ ನೋಡಿದಳು. ಬಸ್ಸು ಹೊರಟುಹೋಯಿತು.

“ಏನಂದೆ ಅವಳಿಗೆ?”

ಅವಳು ಹೇಳಿದಳು. ಯಾವ ಮಾತನ್ನೂ ಮಂಕು ಮಾಡಲಿಲ್ಲ. ನೀನು ಬಂದದ್ದು ಸರಿ ಎಂದದ್ದನ್ನೂ, ಕರೆಯಲ್ಲ ಎಂದದ್ದನ್ನೂ.

ತಂಗಿ ಒಳಗೆ ಹೋಗಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕಿದಳು. ಯಾರದೋ ಬಿಳಿ ಅಂಗಿಯನ್ನು ಮೇಜಿನ ಮೇಲೆ ಹರಡಿ, ತೋಳನ್ನು ಅಂಗೈಯಿಂದ ಸವರಿ ನೇರ ಮಾಡಿದಳು. ಅಕ್ಕ ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದು ತಂಗಿ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಪೆಟ್ಟಿಗೆ ಕಾದು ಅದರ ಕೆಂಪು ದೀಪ ಆರಿತು.

“ಹೀಗೇ ಒಂದು ಮಾತು ಆವತ್ತು ಹೇಳಿದ್ದಿದ್ರೆ,” ತಂಗಿ ಅಂಗಿಯ ಕೊರಳಪಟ್ಟಿ ಒತ್ತುತ್ತ ಅಂದಳು, “ನಾನು ಎರಡು ದಿನ ನಿನ್ನ ಹತ್ರ ಮಾತು ಬಿಡ್ತಿದ್ದೆ. ಅಷ್ಟೇ ಆಗ್ತಿದ್ದದ್ದು ಅಕ್ಕ. ಎರಡೇ ದಿನ.”